ಹಚ್ಚಿದರೆ ಕಾಣದ ಬಣ್ಣ

ನನ್ನ ಮುಖದ ಬಣ್ಣ ಬಾಟಲಿಯಲ್ಲಿ ಸಿಗುತ್ತದೆ ಎಂದು ಗೊತ್ತಾದದ್ದು ಆಸ್ಟ್ರೇಲಿಯಾದ ಅಡಿಲೇಡಿಗೆ ಬಂದ ಮೂರನೆಯ ವಾರ. ಅಂಗಡಿಯ ಹುಡುಗಿ ನನ್ನ ಗದ್ದವನ್ನು ದೀಪದ ಕಡೆ ತಿರುಗಿಸಿ ನೋಡಿದಳು. ಹಾಲಿನ ಬಣ್ಣದಿಂದ ಹಿಡಿದು ಕಾಫಿ ಡಿಕಾಕ್ಷನ್ನಿನವರೆಗೆ ಗೋಡೆಯುದ್ದಕ್ಕೂ ಬಾಟಲಿಗಳು ಸಾಲಾಗಿ ನಿಂತಿದ್ದವು. ಅದರಲ್ಲಿ ಒಂದನ್ನು ಎತ್ತಿ, ನನ್ನ ದವಡೆಯ ಮೇಲೆ ಚುಕ್ಕೆಯಿಟ್ಟು ಸವರಿದಳು. ಬಣ್ಣ ಮಾಯ! ಅಯ್ಯೋ ಶಿವನೇ, ಮೈಸೂರಿನಲ್ಲಿ ಇಪ್ಪತ್ತೆಂಟು ವರ್ಷ ಹವ್ಯಾಸಿ ನಾಟಕ ತಂಡಗಳಿಗೆ ಮೇಕಪ್ ಮಾಡಿದವಳು ನಾನು. ಹಚ್ಚಿದರೆ ಕಾಣದ ಬಣ್ಣವನ್ನು ಅದುವರೆಗೆ ಕಂಡಿರಲಿಲ್ಲ.

"ನನ್ನ ಬಣ್ಣಾನೇ ನಾನು ಹಚ್ಕೊಳ್ಳೋಕೆ ದುಡ್ಡು ಬೇರೆ ಕೊಡ್ಬೇಕಾ?" ಎಂದು ನಮ್ಮ ಯಜಮಾನರನ್ನು ಕೇಳಿದೆ. ಅವರು ಇಲ್ಲಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ರೋಗಿಗಳ ಜೊತೆ ಇದ್ದೂ ಇದ್ದೂ ಅವರಿಗೂ ಮಾತು ಕಡಿಮೆ. "ಬೇಡ ಬಿಡು," ಎಂದರು. ಬರಿಗೈಯಲ್ಲಿ ಮನೆಗೆ ಬಂದೆವು.

ಮನೆ ಇರುವುದು ಅದೇ ಊರಿನ ಬ್ಲೇರ್ ಅಥಾಲ್ ಬಡಾವಣೆಯಲ್ಲಿ. ಹತ್ತು ನಿಮಿಷ ನಡೆದರೆ ಹುರಿಗಡಲೆ, ಕರಿಬೇವು, ಗೊಜ್ಜವಲಕ್ಕಿಗೆ ಬೇಕಾದ ಗಟ್ಟಿ ಅವಲಕ್ಕಿ ಎಲ್ಲ ಸಿಗುತ್ತದೆ. ಸಿಗದೇ ಇದ್ದದ್ದು ಜನರ ಮುಖ. ಮೈಸೂರಿನಲ್ಲಿ ನಾಟಕದ ದಿನ ಹತ್ತು ಹನ್ನೆರಡು ಮುಖ ನನ್ನ ಕೈಯಲ್ಲಿ ಹಾದುಹೋಗುತ್ತಿದ್ದವು. ಬಣ್ಣ ಹಚ್ಚಿಸಿಕೊಳ್ಳುವಾಗ ಮನುಷ್ಯರು ಕಣ್ಣು ಮುಚ್ಚುತ್ತಾರೆ, ಗಂಡನ ಮೇಲೆ ದೂರುತ್ತಾರೆ, ಸಾಲು ಮರೆತುಹೋಗಿದೆ ಎಂದು ಅಳುತ್ತಾರೆ. ಇಲ್ಲಿ ಆರು ತಿಂಗಳು ಯಾರೂ ನನ್ನ ಎದುರು ಕಣ್ಣು ಮುಚ್ಚಿ ಕೂರಲಿಲ್ಲ. ಊರಿಂದ ತಂದ ಬಣ್ಣದ ಪೆಟ್ಟಿಗೆ ಅಟ್ಟದ ಮೇಲಿನ ಸೂಟ್‌ಕೇಸಿನಂತೆ ಸುಮ್ಮನೆ ಬಿದ್ದಿತ್ತು. ಒಂದು ದಿನ ಅದನ್ನು ತೆಗೆದು, ಕನ್ನಡಿ ಮುಂದೆ ನನಗೆ ನಾನೇ ಮೀಸೆ ಬರೆದುಕೊಂಡು ಅತ್ತಿದ್ದೇನೆ. ನಗಬೇಡಿ.

ಹಾಗಾಗಿ ಇಲ್ಲಿನ ಕನ್ನಡದವರು ರಾಜ್ಯೋತ್ಸವಕ್ಕೆ ನಾಟಕ ಮಾಡುತ್ತಾರೆ, ಮೇಕಪ್ ನಾನೇ ಮಾಡಬೇಕು ಎಂದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ರಾಣಿಯೊಬ್ಬಳ ಕಥೆ. ರಾಣಿಯ ಪಾತ್ರ ಇಂಚರಳದು. ಅವಳು ಡಾಕ್ಟರ್ ಸುಕನ್ಯಾ ಅವರ ಮಗಳು, ಹದಿನೈದು ವರ್ಷ, ಇಲ್ಲೇ ಹುಟ್ಟಿದವಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಆದರೆ ಆ ಹುಡುಗಿ ನಾಲ್ಕು ತಿಂಗಳು ಕೂತು ಎರಡು ಪುಟದ ಕನ್ನಡ ಮಾತನ್ನು ಬಾಯಿಪಾಠ ಮಾಡಿದ್ದಳು. 'ಳ' ಹೇಳುವಾಗ ಮೂಗು ಸುಕ್ಕಿಸುತ್ತಿದ್ದಳು, ಪಾಪ.

ನಾಟಕಕ್ಕೆ ಒಂದು ವಾರವಿದೆ ಎನ್ನುವಾಗ ಗ್ರ್ಯಾಂಡ್ ರಿಹರ್ಸಲ್. ನನ್ನ ಗುರು ಚಾಮಣ್ಣ ಮೇಷ್ಟ್ರು ಕಲಿಸಿದ ಪಾಠ ಒಂದೇ: ರಾಜ, ರಾಣಿ, ದೇವರು ಬೆಳ್ಳಗಿರಬೇಕು; ದಾಸಿಯರು ಇದ್ದ ಹಾಗೇ ಇರಲಿ. ಇಂಚರ ನನ್ನ ಹಾಗೇ ಕಪ್ಪು ಮೈಬಣ್ಣದ ಹುಡುಗಿ. ಎರಡನೇ ಯೋಚನೆಯಿಲ್ಲದೆ ಬಿಳಿ ಕಲೆಸಿದೆ, ಗುಲಾಬಿ ಸೇರಿಸಿದೆ, ಹಣೆಯಿಂದ ಕತ್ತಿನವರೆಗೆ ಒಂದು ಗೆರೆ ಬಿಡದೆ ತಟ್ಟಿದೆ. ಹತ್ತು ಜನ ನೋಡಿ "ಏನ್ ಲಕ್ಷಣವಾಗಿ ಕಾಣ್ತಾಳೆ!" ಎಂದರು.

ಇಂಚರ ಕನ್ನಡಿ ನೋಡಿಕೊಂಡಳು. ತುಂಬ ಹೊತ್ತು ನೋಡಿದಳು.

"ಆಂಟಿ, ಹೂ ಈಸ್ ದಿಸ್?"

"ರಾಣಿ ಕಣಮ್ಮ."

"ರಾಣಿ ನನ್ ಕಲರ್ ಇರೋಕಾಗಲ್ವಾ?"

ಅದೊಂದನ್ನು ಅವಳು ಕನ್ನಡದಲ್ಲೇ ಕೇಳಿದಳು. ಅವಳ ಅಮ್ಮ, "ಎರಡು ಗಂಟೆ ತಾನೇ, ಅಡ್ಜಸ್ಟ್ ಮಾಡ್ಕೊ," ಎಂದರು. ಹುಡುಗಿ ಕೈಗೆ ಸಿಕ್ಕ ಟವೆಲ್ಲಿನಿಂದ ಮುಖ ಉಜ್ಜಿಕೊಂಡಳು. "ಐ ಆಮ್ ನಾಟ್ ಡೂಯಿಂಗ್ ದಿಸ್ ಪ್ಲೇ," ಎಂದು ಹೋಗಿ ಕಾರಿನಲ್ಲಿ ಕೂತಳು. ಮರುದಿನವೂ ಬರಲಿಲ್ಲ. ರಾಣಿಯಿಲ್ಲದೆ ನಾಟಕ ಎಲ್ಲಿಂದ ಬರಬೇಕು?

ನನಗೆ ಬಂದದ್ದು ಸಿಟ್ಟು. ಹದಿನೇಳನೇ ವಯಸ್ಸಿನಲ್ಲಿ ಪಾರ್ಟು ಮಾಡುವ ಆಸೆಯಿಂದ ಹೋದ ನನಗೆ ಸಿಕ್ಕಿದ್ದು ಚಾಮರ ಬೀಸುವ ದಾಸಿಯ ಕೆಲಸ. ಒಂದೇ ಒಂದು ಸಲ, ಸಖಿಯ ಪಾತ್ರದ ಹುಡುಗಿಗೆ ಜ್ವರ ಬಂದಾಗ, ಮೇಷ್ಟ್ರು ನನಗೆ ಬಿಳಿ ಹಚ್ಚಿ ರಂಗಕ್ಕೆ ಬಿಟ್ಟಿದ್ದರು. ಆ ರಾತ್ರಿ ಮುಖ ತೊಳೆಯದೆ ಮಲಗಿದ್ದೆ. ನನಗೆ ಅಷ್ಟು ಸಂತೋಷ ಕೊಟ್ಟದ್ದನ್ನು ಇವಳಿಗೆ ಕೊಟ್ಟರೆ ಉಜ್ಜಿ ಬಿಸಾಡುತ್ತಾಳಲ್ಲ ಎಂದು ಹೊಟ್ಟೆ ಉರಿಯಿತು.

ಈ ಸಿಟ್ಟನ್ನು ನಾನು ತೋಡಿಕೊಂಡದ್ದು ಪಕ್ಕದ ಮನೆಯ ಲೊರೇನ್ ಹತ್ತಿರ. ಎಂಬತ್ತು ದಾಟಿದ ಹೆಂಗಸು. ಅಮೆರಿಕದ ಕಪ್ಪು ಜನಾಂಗದವರು. ಮದುವೆಯಾಗಿ ಈ ಊರಿಗೆ ಬಂದು ಅರ್ಧ ಶತಮಾನವೇ ಆಗಿದೆ. ಬೇಲಿಯಾಚೆಯಿಂದ ನಿಂಬೆಹಣ್ಣು ಕೊಡುತ್ತಾರೆ, ನಾನು ಚಿತ್ರಾನ್ನ ಕೊಡುತ್ತೇನೆ. ನಮ್ಮೂರಾದರೆ ಬಾಗಿಲು ತಳ್ಳಿಕೊಂಡು ಒಳಗೆ ಹೋಗುತ್ತಿದ್ದೆ. ಇಲ್ಲಿ ಕರೆಯುವವರೆಗೆ ಕಾಯಬೇಕು. ನನ್ನ ಮಾತು ಮುಗಿದ ಮೇಲೆ ಆಕೆ, "ಈ ಆರ್ವೋ ಬಾ, ಒಬ್ಬರನ್ನು ತೋರಿಸ್ತೀನಿ," ಎಂದರು. ಮಧ್ಯಾಹ್ನಕ್ಕೆ ಇಲ್ಲಿಯವರು 'ಆರ್ವೋ' ಎನ್ನುತ್ತಾರೆ.

ತೋರಿಸಿದ್ದು ತಮ್ಮ ಅಜ್ಜಿಯ ಅಕ್ಕನನ್ನು. ಹೆಸರು ಡೆಲ್ಲಾ. ಅಮೆರಿಕದಲ್ಲಿ ಸಿನಿಮಾ ಇನ್ನೂ ಮೂಕಿಯಾಗಿದ್ದ ಕಾಲದ ನಟಿ. ಮೊದಲು ಊರೂರು ಸುತ್ತುವ ಡೇರೆ ನಾಟಕಗಳಲ್ಲಿ ಹಾಡಿದವಳು, ಆಮೇಲೆ ಸಿನಿಮಾಕ್ಕೆ ಬಂದವಳು. ಅವಳ ಚಿತ್ರಗಳಲ್ಲಿ ಉಳಿದಿರುವುದು ಮೂರೇ ಮೂರು ತುಣುಕು. ಲೊರೇನ್ ಅವನ್ನು ಟೀವಿಯಲ್ಲಿ ಹಾಕಿದರು.

ಮೊದಲನೆಯದು ಕಪ್ಪು ಜನರೇ ತಮ್ಮವರಿಗಾಗಿ ತೆಗೆದ ಚಿತ್ರ. ಡೆಲ್ಲಾ ಅದರಲ್ಲಿ ನಾಯಕಿ, ಶಾಲೆಯ ಟೀಚರು. ನಾನು ಕಥೆ ನೋಡಲಿಲ್ಲ, ಅಭ್ಯಾಸಬಲ, ಕಿವಿ ನೋಡಿದೆ. ಮೇಕಪ್ಪಿನವರು ಎಷ್ಟೇ ಜಾಣರಾದರೂ ಕಿವಿಯ ಹಿಂಭಾಗ ಮರೆಯುತ್ತಾರೆ. ಮುಖ ಬೆಳ್ಳಗೆ, ಕಿವಿ ಕಪ್ಪಗೆ. "ಇವಳಿಗೆ ಬಿಳಿ ಹಚ್ಚಿದಾರೆ!" ಎಂದೆ.

ಎರಡನೆಯದು ಬಿಳಿಯರ ದೊಡ್ಡ ಕಂಪನಿಯ ಚಿತ್ರ. ಅದರಲ್ಲಿ ಅವಳು ಮನೆಗೆಲಸದವಳು. ಪರದೆಯ ಮೇಲೆ ಅವಳ ಹೆಸರೂ ಇಲ್ಲ. ತಟ್ಟೆ ಹಿಡಿದು ಬರುತ್ತಾಳೆ, ಇಡುತ್ತಾಳೆ, ಹೋಗುತ್ತಾಳೆ. ತಟ್ಟೆ ಇಡುವಾಗ ಅಂಗಿಯ ತೋಳು ಮೇಲೆ ಸರಿಯಿತು. ಮುಂಗೈ ಕಪ್ಪು, ಅದರ ಮೇಲಿನ ತೋಳು ತಿಳಿ. "ಇಲ್ಲಿ ಕಪ್ಪು ಹಚ್ಚಿದಾರೆ, ಇರೋದಕ್ಕಿಂತ ಕಪ್ಪು!"

ಲೊರೇನ್ ನೆಟ್ಟಗೆ ಕೂತರು. ಚಿಕ್ಕಂದಿನಿಂದ ನೋಡಿದ ಚಿತ್ರ, ಅದು ಆಕೆಗೂ ಕಂಡಿರಲಿಲ್ಲ. ನಾಯಕಿಯಾಗಲು ಇವಳು ಸಾಕಷ್ಟು ಬಿಳಿಯಿಲ್ಲ, ಕೆಲಸದವಳಾಗಲು ಸಾಕಷ್ಟು ಕಪ್ಪಿಲ್ಲ. ಹಾಗಾದರೆ ಅವಳ ಸ್ವಂತ ಮುಖ ಎಲ್ಲಿ?

"ಮೂರನೆಯದು ನೋಡು," ಎಂದರು.

ಅದರಲ್ಲೂ ಅವಳು ಕೆಲಸದವಳೇ. ತಾನು ಎತ್ತಿ ಆಡಿಸಿದ ಯಜಮಾನರ ಮಗು ತೀರಿಹೋಗಿದೆ. ಅವಳು ಬಾಗಿಲ ಬಳಿ ನಿಂತು ಅಳಬೇಕು, ಅಷ್ಟೇ ಅವಳ ಪಾತ್ರ. ಡೆಲ್ಲಾ ಅಳಲಿಲ್ಲ. ಮೂಲೆಯಲ್ಲಿದ್ದ ನೀರಿನ ಬೋಗುಣಿಯ ಹತ್ತಿರ ಹೋದಳು. ಎರಡು ಕೈಯಲ್ಲಿ ನೀರೆತ್ತಿ ಮುಖ ತೊಳೆದಳು. ಒಂದು ಸಲ, ಎರಡು ಸಲ, ಮೂರು ಸಲ. ಬಣ್ಣ ಗೆರೆಗೆರೆಯಾಗಿ ಇಳಿಯಿತು. ಆಮೇಲೆ ತಲೆಯೆತ್ತಿ ನೇರ ಕ್ಯಾಮೆರಾ ನೋಡಿದಳು. ಒದ್ದೆ ಮುಖ, ತನ್ನದೇ ಮುಖ. ಪರದೆಯ ಮೇಲೆ ಬೇರೆ ನಾಲ್ಕು ಜನರಿದ್ದರು. ಅವರೆಲ್ಲ ಎಲ್ಲಿ ಹೋದರೋ ನನಗೆ ಗೊತ್ತಿಲ್ಲ. ನಾನು ಎದ್ದು ನಿಂತುಬಿಟ್ಟಿದ್ದೆ. ದೇವರ ಮಂಗಳಾರತಿಯ ಹೊತ್ತಿಗೆ ಹಾಗೆ ತಾನಾಗಿ ಏಳುತ್ತೇನೆ, ಇನ್ನೆಲ್ಲೂ ಎದ್ದದ್ದಿಲ್ಲ.

"ಹಾಗೆ ಮಾಡು ಅಂತ ಯಾರೂ ಹೇಳಿರಲಿಲ್ಲ," ಎಂದರು ಲೊರೇನ್. "ಆದ್ರೆ ಕತ್ತರಿಸೋಕೆ ಡೈರೆಕ್ಟರಿಗೆ ಮನಸ್ಸು ಬರಲಿಲ್ಲವಂತೆ. ಅದಾದ ಮೇಲೆ ಯಾವ ಕಂಪನಿಯೂ ಅವಳನ್ನು ಕರೆಯಲಿಲ್ಲ. ಕೊನೆಯವರೆಗೂ ಬಟ್ಟೆ ಹೊಲಿದು ಬದುಕಿದಳು."

"ಡೆಲ್ಲಾ ಅದಕ್ಕೆ ಬೇಜಾರು ಮಾಡ್ಕೊಂಡ್ರಾ?" ಎಂದೆ.

"ನಮ್ಮಜ್ಜಿ ಇದೇ ಪ್ರಶ್ನೆ ಕೇಳಿದ್ದರಂತೆ. ಒಂದು ಸಲನಾದ್ರೂ ನಾನು ಸಿನಿಮಾದಲ್ಲಿ ಇದ್ದೆನಲ್ಲ, ಅಂದಳಂತೆ."

ನನಗೆ ಅಳು ತಡೆಯಲಾಗಲಿಲ್ಲ. ನಾಚಿಕೆಯ ಅಳು ಅದು. ಎಷ್ಟು ಹುಡುಗಿಯರ ಮುಖ ಮುಚ್ಚಿದ್ದೇನೆ ಈ ಕೈಯಲ್ಲಿ! ಮನೆಗೆ ಬಂದು ಪೆಟ್ಟಿಗೆ ಬಿಚ್ಚಿ ಎಲ್ಲ ಡಬ್ಬಿಗಳನ್ನು ಹೊರಗಿಟ್ಟೆ. ದೇವರಿಗಿತ್ತು, ರಾಕ್ಷಸನಿಗಿತ್ತು, ಹೆಣಕ್ಕೂ ಒಂದು ಬಣ್ಣವಿತ್ತು. ಇಂಚರಳ ಬಣ್ಣ ಇರಲಿಲ್ಲ. ನನ್ನದೂ ಇರಲಿಲ್ಲ.

ಸಂಜೆ ಸುಕನ್ಯಾ ಅವರ ಮನೆಗೆ ಹೋದೆ. ಫೋನ್ ಮಾಡದೆ, ನಮ್ಮೂರಿನ ಹಾಗೆ. ಇಂಚರ ಬಾಗಿಲು ತೆಗೆದಳು.

"ನಂದು ತಪ್ಪಾಯ್ತು ಕಣಮ್ಮ," ಎಂದೆ.

"ಓ ಗಾಡ್, ಆಂಟಿ, ಡೋಂಟ್ ಕ್ರೈ."

"ಅಳ್ತಿಲ್ಲ. ನಡಿ, ಅಂಗಡಿಗೆ ಹೋಗೋಣ. ನಿನ್ ಬಣ್ಣ ನೀನೇ ಆರಿಸು. ರಂಗದ ಲೈಟ್‌ಗೆ ಬರೀ ಮುಖ ನಿಲ್ಲಲ್ಲ, ಹಚ್ಚಲೇಬೇಕು. ಆದ್ರೆ ನಿನ್ನದನ್ನೇ ಹಚ್ತೀನಿ. ಮಾಡ್ತೀಯಾ?"

ಅವಳು ಒಳಗೆ ತಿರುಗಿದಳು. "ಶೂಸ್ ಹಾಕ್ಕೋತೀನಿ," ಎಂದಳು.

ನಾಟಕದ ದಿನ ಅವಳು ನನ್ನ ಎದುರು ಕೂತು ಕಣ್ಣು ಮುಚ್ಚಿದಳು. ಒಂದೂಮುಕ್ಕಾಲು ಗಂಟೆ ಹಿಡಿಯಿತು. ಬಿಳಿ ಹಚ್ಚುವುದು ಸುಲಭ, ಇದ್ದದ್ದನ್ನು ಇದ್ದ ಹಾಗೆ ತೋರಿಸುವುದು ಕಷ್ಟ. ಕಿವಿಯ ಹಿಂದೆಯೂ ಮರೆಯದೆ ಹಚ್ಚಿದೆ. ಅವಳು ರಂಗಕ್ಕೆ ಬಂದು ಮೊದಲ ಮಾತು ಆಡಿದಳು, ಮೂಗು ಸುಕ್ಕಿಸದೆ. ಮುಂದಿನ ಸಾಲಿನಲ್ಲಿ ಒಂದಕ್ಷರ ಕನ್ನಡ ಬಾರದ ಲೊರೇನ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪರದೆಯ ಪಕ್ಕದಿಂದ ನಾನು ನೋಡುತ್ತಿದ್ದೆ. ಅದೇ ಮುಖ, ಅದೇ ಬಣ್ಣ. ರಾಣಿಯಲ್ಲ ಎಂದು ಯಾರು ಹೇಳಬೇಕು?

ಮರುದಿನ ಅವಳ ಫೋಟೊ ಮೈಸೂರಿಗೆ, ಚಾಮಣ್ಣ ಮೇಷ್ಟ್ರಿಗೆ ಕಳಿಸಿದೆ. ಅವರೇ ಫೋನ್ ಮಾಡಿದರು. ದನಿಯಲ್ಲಿ ನಿಜವಾದ ಗಾಬರಿ.

"ಏನಮ್ಮಾ, ರಾಣಿಗೆ ಬಣ್ಣ ಹಚ್ಚೋದೇ ಮರ್ತುಬಿಟ್ಯಾ?"

ನನ್ನ ಕೈಗೆ ಬ್ರಷ್ಷು ಕೊಟ್ಟವರು ಅವರು. ಈಗಲೂ ಅವರ ಬೈಗುಳಕ್ಕೆ ಹೆದರುತ್ತೇನೆ, ಈಗಲೂ ಅವರ ಹೊಗಳಿಕೆ ಬೇಕು. ಅದು ಇನ್ನು ಸಿಗುವುದಿಲ್ಲ ಎಂದು ಆ ಕ್ಷಣಕ್ಕೆ ಗೊತ್ತಾಯಿತು. ಫೋಟೊವನ್ನು ಹತ್ತಿರದಿಂದ ನೋಡಿಯೂ ಅವರ ನುರಿತ ಕಣ್ಣಿಗೆ ನಾನು ಹಚ್ಚಿದ ಬಣ್ಣದ ಒಂದು ಗೆರೆಯೂ ಸಿಕ್ಕಿರಲಿಲ್ಲ ಎಂದೂ ಗೊತ್ತಾಯಿತು.

"ಹಚ್ಚಿದೀನಿ ಮೇಷ್ಟ್ರೇ," ಎಂದೆ.