ಮುರಕಲ್ಲಿನ ಮೇಲೆ ನಿಂತ ಕಾರು

ಅಣ್ಣನ ಹಳೇ ಅಂಬಾಸಿಡರಿನ ಹಿಂಭಾಗ ಕುಸಿದು ಕೂತಿತ್ತು. ಹಿಂದಿನ ಸೀಟಿಗೆ ಮೂವರು ಹತ್ತಿದರೆ ಸೈಲೆನ್ಸರ್ ರಸ್ತೆಯ ಉಬ್ಬನ್ನು ಕೆರೆಯುತ್ತಿತ್ತು. "ಗಬ್ಬದ ಎಮ್ಮಿ ಕೂಕಂಡಾಂಗ್ ಇತ್ತ್ ನಿನ್ ಕಾರ್. ನಾನ್ ಹತ್ತುದಿಲ್ಲೆ" ಎಂದು ಅಮ್ಮ ಬಸ್ಸಿಗೇ ಹೋಗತೊಡಗಿದ ಮೇಲೆ ಅವನಿಗೆ ರೋಷ ಬಂತು. ಬೈಂದೂರಿನಿಂದ ಹೊಸ ಪ್ಲೇಟುಗಳನ್ನು ತಂದ. ಪ್ಲೇಟೆಂದರೆ ಹಿಂದಿನ ಭಾರ ಹೊರುವ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. ಹಳೆಯವು ಬಾಗು ಕಳೆದುಕೊಂಡು ಚಪ್ಪಟೆಯಾಗಿದ್ದವು.

ವರ್ಷಗಟ್ಟಲೆ ಮೀನಿನ ಲಾರಿ ಓಡಿಸಿದವನಿಗೆ ಗ್ಯಾರೇಜಿಗೆ ಹೋಗುವುದೆಂದರೆ ಮರ್ಯಾದೆ ಪ್ರಶ್ನೆ. ನಾವುಂದದ ನಮ್ಮ ಅಂಗಳದಲ್ಲೇ ಜ್ಯಾಕ್ ಹಾಕಿ ಎತ್ತಿದ, ಹಿಂದಿನ ಚಕ್ರಗಳನ್ನು ಬಿಚ್ಚಿದ, ಬಾಡಿಯ ಅಡಿಗೆ ಎರಡೂ ಬದಿ ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ, ಪೇರಿಸಿ ಜ್ಯಾಕ್ ತೆಗೆದ.

ನಮ್ಮ ಕಡೆ ಮುರಕಲ್ಲನ್ನು ಯಾರೂ ಅನುಮಾನಿಸುವುದಿಲ್ಲ. ಬಾವಿಕಟ್ಟೆ ಅದರದೇ, ಅಂಗಳದ ಸುತ್ತಿನ ಪಾಗಾರ ಅದರದೇ, ನಾವು ಹುಟ್ಟಿದ ಮನೆಯ ಗೋಡೆಯೂ ಅದರದೇ. ಇಡೀ ಮನೆ ಹೊತ್ತ ಕಲ್ಲಿಗೆ ಕಾರೊಂದು ಹೆಚ್ಚೇ? ಆದರೆ ಇವು ಪಾಗಾರ ಕಟ್ಟಿ ಮಿಕ್ಕಿದ ಕಲ್ಲುಗಳು. ಮಳೆಗಾಲವಿಡೀ ನೀರು ಕುಡಿದು ಮೂಲೆಯಲ್ಲಿ ಬಿದ್ದಿದ್ದವು. ಅದು ಅಣ್ಣನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಅಣ್ಣ ಅಂಗಾತ ಮಲಗಿ ಕಾರಿನ ಅಡಿಗೆ ಸರಿದ. ತುಕ್ಕು ಹಿಡಿದ ಬೋಲ್ಟಿಗೆ ಸುತ್ತಿಗೆಯಿಂದ ಬಡಿಯತೊಡಗಿದ. ಸ್ಪ್ಯಾನರ್ ಕೊಡುವುದು ನನ್ನ ಪಾಲಿನ ಕೆಲಸ. ಹಾಗೆ ಕೊಡಲು ಬಗ್ಗಿದಾಗ ಕಂಡೆ: ಒಂದೊಂದು ಪೆಟ್ಟಿಗೂ ನನ್ನ ಬದಿಯ ಕಲ್ಲಿನಿಂದ ಕೆಂಪು ಹುಡಿ ಉದುರುತ್ತಿತ್ತು. ಕಲ್ಲಿನ ನಡುವೆ ಕೂದಲೆಳೆಯಷ್ಟು ಬಿರುಕು.

ಕಿರುಚಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಅಣ್ಣ ಗಡಿಬಿಡಿಯ ಜನ. ಬೆದರಿ ದಡಬಡಿಸಿದರೆ ಅವನ ಮೊಣಕಾಲು ಬಡಿಯುವುದು ಅದೇ ಕಲ್ಲಿಗೆ. ಹೇಗೋ ದಿನನಿತ್ಯದ ದನಿ ತಂದುಕೊಂಡೆ.

"ಅಣಾ, ಬಡೂದ್ ಒಂಚೂರ್ ನಿಲ್ಸ್. ಅಮ್ಮ ಮನಿಕಂಡಿತ್."

"ಈ ಹೊತ್ತಿಗಾ? ಉಷಾರಿಲ್ಯಾ?"

"ತಲಿನೋವ್ ಅಂಬ್ರ್. ನೀನ್ ಅಲ್ಗಾಡ್ಬೇಡ, ಸುಮ್ನಿರ್."

ಅಮ್ಮ ಹಿತ್ತಲಲ್ಲಿ ಕಾಯಿ ಸುಲಿಯುತ್ತಿದ್ದಳು. ಬಿಚ್ಚಿಟ್ಟ ಚಕ್ರವೊಂದನ್ನು ಉರುಳಿಸಿ ತಂದು ಕಲ್ಲಿನ ಪಕ್ಕ ಬಾಡಿಯ ಅಡಿಗೆ ಮಲಗಿಸಿದೆ. ಇನ್ನೊಂದನ್ನು ಅದರ ಮೇಲೆ ನೂಕಬೇಕು. ಟಯರು ಹಿಡಿತಕ್ಕೇ ಸಿಗುತ್ತಿರಲಿಲ್ಲ.

"ಎಂತ ಮಾಡ್ತಿದ್ದೆ, ಹೆಣೆ, ಅಲ್ಲ್?"

"ಟಯರ್ ಬಿಸ್ಲಲ್ಲ್ ಇತ್ತಲೆ, ನೆಳ್ಳಿಗ್ ಹಾಕ್ತೆ."

"ಭಾರೀ ಕಾಳ್ಜಿ! ನನ್ ಮೇಲಿಲ್ಲೆ, ಟಯರ್ ಮೇಲ್ ಇತ್ತ್" ಎಂದು ಅಡಿಯಿಂದ ನಕ್ಕ. ಆ ನಗು ಕೇಳಿ ನನಗೆ ಅಳು ಬಂತು. ಎದೆಯಿಂದ ಒತ್ತಿ ಎರಡನೆಯ ಚಕ್ರವನ್ನು ಒಳಗೆ ತಳ್ಳಿದೆ.

"ಇನ್ನ್ ಮೆಲ್ಲ ಹೊರ್ಗ್ ಬಾ. ಆಚಿ ಬದಿಗ್ ಬಾ. ಯಾವ್ದನ್ನೂ ಮುಟ್ಬೇಡ."

ಆಗ ಅವನಿಗೆ ಏನೋ ತಿಳಿದಿರಬೇಕು. ಬೆನ್ನು ನೆಲಕ್ಕೆ ಉಜ್ಜುವ ಸದ್ದು ಮಾತ್ರ ಕೇಳಿತು. ಅಷ್ಟರಲ್ಲಿ ಕಲ್ಲು ಒಡೆಯಿತು. ದೊಡ್ಡ ಸದ್ದೇನಲ್ಲ, ಒಣ ರೊಟ್ಟಿ ಮುರಿದ ಹಾಗೆ. ಕಾರು ಧೊಪ್ಪೆಂದು ಚಕ್ರಗಳ ಮೇಲೆ ಕೂತಿತು. ಎದ್ದ ಕೆಂಪು ಧೂಳಿನಲ್ಲಿ ಏನೂ ಕಾಣಲಿಲ್ಲ.

"ಅಣಾ!"

ಬಗ್ಗಿ ನೋಡುವ ಧೈರ್ಯ ನನಗಾಗಲಿಲ್ಲ. ಹಿಂದಿನ ಬಾಗಿಲಿಗೆ ಕೈಯೂರಿ ನಿಂತೇ ಇದ್ದೆ. ಆಚೆ ಬದಿಯಿಂದ ಕೆಮ್ಮು ಕೇಳಿತು, ಆಮೇಲೆ ಅವನ ತಲೆ ಕಾಣಿಸಿತು. ಅಲ್ಲೇ ನೆಲದಲ್ಲಿ ಕೂತು, ಒಡೆದ ಕಲ್ಲಿನ ಚೂರನ್ನು ಬೆರಳಿನಲ್ಲಿ ಹಿಸುಕಿದ. ಅದು ಅವಲಕ್ಕಿಯ ಹಾಗೆ ಪುಡಿಯಾಯಿತು.

ಮರುದಿನ ತಾನಾಗಿಯೇ ಬೈಂದೂರಿಗೆ ಹೋಗಿ ಗ್ಯಾರೇಜಿನ ಮೇಸ್ತ್ರಿಯನ್ನು ಕರೆತಂದ. ಮೇಸ್ತ್ರಿ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕಾರನ್ನು ಗಟ್ಟಿ ನಿಲ್ಲಿಸಿ, ಅಲ್ಲಾಡಿಸಿ ತೋರಿಸಿ, ಸಿಳ್ಳೆ ಹಾಕುತ್ತ ಅಡಿಗೆ ಹೋದ. ಅಣ್ಣ ಜಗಲಿಯಲ್ಲಿ ಕೂತ, ಎದ್ದ, ಮತ್ತೆ ಕೂತ. ಕಾರಿನ ಅಡಿಯಿಂದ ಸುತ್ತಿಗೆಯ ಮೊದಲ ಪೆಟ್ಟು ಕೇಳಿದ್ದೇ ತಡ, ಅಂಗಳಕ್ಕೆ ಓಡಿದ.

"ಹ್ವಾಯ್, ಹೊರ್ಗ್ ಬನ್ನಿ ಮಾರಾಯ್ರೆ! ಚಾ ತಣಿತ್ತ್!"

ನಾನಿನ್ನೂ ಒಲೆಗೆ ನೀರೇ ಇಟ್ಟಿರಲಿಲ್ಲ.