ಬೆನ್ನ ಮೇಲಿನ ಕೈ

ತೊಯ್ದ ಗೋಣಿಚೀಲದ ವಾಸನೆ ಈಗ ಸಿಂಧನೂರಿನಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಎಲ್ಲ ಪ್ಲಾಸ್ಟಿಕ್ ಚೀಲ. ಮೊನ್ನೆ ಮಸ್ಕಿಯಿಂದ ಭತ್ತ ತಂದ ಟ್ರ್ಯಾಕ್ಟರಿನ ಮೇಲೆ ಹೊದಿಸಿದ್ದ ಹಳೆಯ ಗೋಣಿಯೊಂದು ಮಳೆಗೆ ನೆನೆದಿತ್ತು. ದರ ಕುದುರಿಸುತ್ತಿದ್ದವನು ಮಾತು ಮರೆತು ನಿಂತೆ. ವ್ಯಾಪಾರದ ನಡುವೆ ಹೀಗೆ ನಿಲ್ಲಬಾರದು, ಎದುರಿನವನು ದರ ಏರಿಸುತ್ತಾನೆ. ಹೊಸಬರಿಗೆ ನಾನೇ ಹೇಳುವ ಬುದ್ಧಿಮಾತಿದು.

ಆ ವಾಸನೆಯೊಳಗೆ ನಮ್ಮ ಮನೆಯಿತ್ತು. ಮಣ್ಣಿನ ಮಾಳಿಗೆ, ಲಾರಿಗಳು ಬಂದು ನಿಲ್ಲುವ ಅಂಗಳ, ಬೇವಿನ ನೆರಳಲ್ಲಿ ದಬ್ಬಣ ಹಿಡಿದು ಹರಿದ ಗೋಣಿ ಹೊಲಿಯುತ್ತ ಕೂತ ದಾದು. ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಮುದುಕ. ಅಲ್ಲಿನ ಮಕ್ಕಳು ಅಜ್ಜನನ್ನು ಕರೆಯುವಂತೆ ನಾವೂ ಕರೆಯುತ್ತಿದ್ದೆವು. ಅಪ್ಪ ಹಮಾಲರ ಮೇಸ್ತ್ರಿ. ಚೀಲ ಹೊರುವ ಮುನ್ನ ಪ್ರತಿಯೊಬ್ಬನ ಬೆನ್ನು ತಟ್ಟಿ "ಹೂಂ, ನಡಿಯಪ್ಪ" ಅನ್ನುವುದು ಅಪ್ಪನ ಪದ್ಧತಿ. ದಾದು ಮಾತ್ರ ಯಾರಿಗೂ ಬೆನ್ನು ಮುಟ್ಟಗೊಡುತ್ತಿರಲಿಲ್ಲ.

ಒಂದು ಸಂಜೆ ಅಪ್ಪ ಕಾರಣ ಕೇಳಿಯೇಬಿಟ್ಟ. ಮಹಾಯುದ್ಧದ ಕಾಲದಲ್ಲಿ ದಾದು ಕಲ್ಕತ್ತೆಯ ಬಂದರಿನಲ್ಲಿ ಹಮಾಲನಾಗಿದ್ದನಂತೆ. ಅವನ ತಮ್ಮ ಸರಕಿನ ಹಡಗಿನಲ್ಲಿ ಖಲಾಸಿ. ಬಾಂಬು ಬಿದ್ದಾಗ ಇಬ್ಬರೂ ಊರಿಗೆ ಓಡಲು ಗಂಟು ಕಟ್ಟಿದ್ದರು. ಆಗ ದೊಡ್ಡ ನಾಯಕನೊಬ್ಬ ಧೈರ್ಯ ತುಂಬಲು ಬಂದ. ಗೋಣಿಗಳ ಮೇಲೆ ನಿಂತು ಮಾತಾಡಿದ, ಕೆಳಗಿಳಿದು ಸಾಲಿನಲ್ಲಿದ್ದವರ ಬೆನ್ನು ತಟ್ಟುತ್ತ ಹೋದ. ಆ ತಮ್ಮ ತನ್ನ ಗಂಟು ಬಿಚ್ಚಿ ಹಡಗು ಹತ್ತಿದ. ಹಡಗು ತಿರುಗಿ ಬರಲಿಲ್ಲ.

"ಮೇಸ್ತ್ರಿ, ನೀವ ಹೇಳ್ರಿ. ಆ ಕೈ ಅವನ್ನ ಕಳಿಸಿತೋ, ಅವನಾಗೇ ಹೋದನೋ? ಸುಳ್ಳು ಕೈ ಅಲ್ರಿ ಅದು. ನನ್ನ ಬೆನ್ನಿಗೂ ಬಿತ್ತು. ಬೆಚ್ಚಗಿತ್ತು."

ಮರುದಿನ ಬೆನ್ನು ತಟ್ಟಲು ಅಪ್ಪನ ಕೈ ಮೇಲೇಳಲೇ ಇಲ್ಲ. ಹಮಾಲರು ಬಗ್ಗಿ ಕಾದರು.

"ಯಾಕ್ರೀ ಮೇಸ್ತ್ರಿ, ಮನ್ಯಾಗ ಜಗಳಾ ಆಗ್ಯಾದೇನ್ರಿ?" ಎಂದು ಹಮಾಲ ಹನುಮಂತ ಚುಡಾಯಿಸಿದ. "ಕೈ ಬೀಳಲಿಲ್ಲಂದ್ರ ನಾ ಎತ್ತಂಗಿಲ್ಲ ನೋಡ್ರಿ."

ಯಾರೂ ಎತ್ತಲಿಲ್ಲ. ಆಗ ದಾದು ದಬ್ಬಣ ಬದಿಗಿಟ್ಟು ಎದ್ದ. ಅಪ್ಪನ ಮುಂದೆ ಬಂದು, ಬೆನ್ನು ಕೊಟ್ಟು ಬಗ್ಗಿ ನಿಂತ.

"ಹಾಕ್ರಿ," ಅಂದ.

ಅಪ್ಪ ಕೈಯಿಟ್ಟ. ಬಹಳ ಹೊತ್ತು ತೆಗೆಯಲಿಲ್ಲ. ಮುದುಕ ಮತ್ತೆ ಹೋಗಿ ಹೊಲಿಯತೊಡಗಿದ, ಕೆಲಸ ಶುರುವಾಯಿತು. ಅವನು ಆ ನಾಯಕನನ್ನು ಕ್ಷಮಿಸಿದನೋ, ತನ್ನನ್ನೇ ಕ್ಷಮಿಸಿಕೊಂಡನೋ, ಇಲ್ಲ ಅಪ್ಪನ ಮೇಲೆ ಕನಿಕರಪಟ್ಟನೋ, ನನಗಿನ್ನೂ ಬಗೆಹರಿದಿಲ್ಲ. ಭತ್ತ ಹಲ್ಲಲ್ಲಿ ಕಚ್ಚಿ ಹಸಿಯೋ ಒಣಗಿದ್ದೋ ಹೇಳಬಲ್ಲೆ, ಇದನ್ನು ಹೇಳಲಾರೆ.

ಮನೆಯಿದ್ದಲ್ಲಿ ಈಗ ಗೊಬ್ಬರದ ಗೋದಾಮು. ಅಪ್ಪನಿಲ್ಲ, ದಾದು ಇಲ್ಲ, ಬೇವೂ ಇಲ್ಲ. ನನ್ನ ಹಮಾಲರು ಮಾತ್ರ ಇಂದಿಗೂ ಬಗ್ಗಿ ಕಾಯುತ್ತಾರೆ. ನಾನು ಬೆನ್ನು ತಟ್ಟುತ್ತೇನೆ. ಅವರು ಚೀಲ ಹೊತ್ತು ನನ್ನ ಭತ್ತದ ಗೋದಾಮಿನ ಕತ್ತಲೆಯೊಳಗೆ ಹೋಗುತ್ತಾರೆ. ಒಬ್ಬೊಬ್ಬರೂ ತಿರುಗಿ ಬರುವವರೆಗೆ ನಾನು ಬಾಗಿಲು ಬಿಟ್ಟು ಕದಲುವುದಿಲ್ಲ.