ಮಣಿಕಟ್ಟಿನ ಕೆಳಗೊಂದು ಕೈ

ಮೊದಲು ಬಂದದ್ದು ಚಳಿ. ತ್ಯಾವಣಿಗೆಯಲ್ಲಿ, ನೆತ್ತಿ ಸುಡುವ ಬಿಸಿಲಿನಲ್ಲಿ, ನನಗೆ ಚಳಿಯಾಯಿತು. ಲಾರ್ಸನ್ ಕಟ್ಟೆಯ ಮೇಲೆ ನಿಂತು ನಾಲ್ಕೈದು ಜನರಿಗೆ ತನ್ನ ಧರ್ಮದ ಮಾತು ಹೇಳುತ್ತಿದ್ದ. ಅವನ ಕನ್ನಡ ತಪ್ಪಿದಲ್ಲಿ ಮೆಲ್ಲಗೆ ಎತ್ತಿಕೊಡುವುದು ನನ್ನ ಕೆಲಸ. ಅವನು ಎರಡು ಸಲ ತಪ್ಪಿದ. ನಾನು ತಿದ್ದಲಿಲ್ಲ. ಮೂರನೆಯ ಸಲ ತಿರುಗಿ ನೋಡಿದ. ನಾನು ಕಟ್ಟೆಗೆ ಒರಗಿಕೊಂಡು ಹಲ್ಲು ಕಟಕಟ ಕಡಿಯುತ್ತಿದ್ದೆ.

"ಗುರುಗಳೇ, ತಮಗೆ ಏನಾಯಿತು?"

"ಏನಿಲ್ಲ" ಎಂದೆ. ಏನಿಲ್ಲ ಎನ್ನುವುದು ನನ್ನ ಹಳೆಯ ಚಾಳಿ. ಈ ಸಲ ಆ ಚಾಳಿಯೇ ನನ್ನನ್ನು ಮುಗಿಸುವುದರಲ್ಲಿತ್ತು.

ಲಾರ್ಸನ್ ಅಮೆರಿಕದವನು, ಮಾರ್ಮನ್ ಎಂಬ ಪಂಥದ ಹುಡುಗ. ವಯಸ್ಸು ಇಪ್ಪತ್ತು. ಆ ಪಂಥದಲ್ಲಿ ಹುಡುಗರು ಎರಡು ಮೂರು ವರ್ಷ ಮನೆ ಬಿಟ್ಟು ಪರದೇಶಗಳಲ್ಲಿ ಧರ್ಮ ಸಾರಿ ಬರಬೇಕಂತೆ. ಮೀಸೆ ಸರಿಯಾಗಿ ಚಿಗುರದ ಇವರನ್ನು ಅವರಲ್ಲಿ 'ಹಿರಿಯರು' ಎಂದು ಕರೆಯುತ್ತಾರೆ ಎಂದು ತಿಳಿದ ದಿನ ನಾನು ನಕ್ಕು ಸುಸ್ತಾಗಿದ್ದೆ. ಅಂಥ ಇಬ್ಬರು ಹಿರಿಯರು ಹೊನ್ನಾಳಿಯಲ್ಲಿ ಮನೆ ಹಿಡಿದಿದ್ದರು. ನಾನು ನ್ಯಾಮತಿಯವನು, ಅವರಿಗೆ ಕನ್ನಡ ಕಲಿಸುವ ಮೇಷ್ಟ್ರು. ಎದುರಿಗೆ 'ನೀವು' ಎಂದರೂ ಶಿಷ್ಯನಾದ್ದರಿಂದ ಇಲ್ಲಿ 'ಅವನು' ಎಂದೇ ಬರೆಯುತ್ತೇನೆ.

ಬೆಳಿಗ್ಗೆ ಆರಕ್ಕೆ ಎದ್ದು ತನ್ನ ಬಿಳಿ ಅಂಗಿಯನ್ನು ತಾನೇ ಒಗೆಯುವನು. ಎಂಟರವರೆಗೆ ನನ್ನೆದುರು ಕಾಗುಣಿತ. ಆಮೇಲೆ ಹಳ್ಳಿಗಳು. ಚನ್ನಗಿರಿಯವರೆಗೆ ಬಸ್ಸಾದರೆ, ಅಲ್ಲಿಂದ ಉಬ್ರಾಣಿ ಕಡೆಗೆ ನಡಿಗೆ. ಕಾಫಿ, ಟೀ ಅವನ ಧರ್ಮಕ್ಕೆ ನಿಷಿದ್ಧ. ಜನ ಆದರದಿಂದ ಟೀ ತಂದಿಟ್ಟರೆ ಬಿಸಿನೀರು ಕೇಳುವನು. ಮನೆಯವರ ಮುಖ ಸಣ್ಣದಾಗುವುದು. ಧರ್ಮಕ್ಕಂತೂ ಒಬ್ಬರೂ ಸೇರಲಿಲ್ಲ. ಸಂಜೆ ಕಾಲಿನ ಬೊಬ್ಬೆಗಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ, "ನಾಳೆ ಯಾವ ಊರಿಗೆ, ಗುರುಗಳೇ?" ಎನ್ನುವನು. ಬಂದ ಹೊಸದರಲ್ಲಿ ಯಾರ ಮಾತನ್ನೂ ಮುಗಿಯಗೊಡದೆ ಪಾಠ ಒಪ್ಪಿಸುತ್ತಿದ್ದವನು, ವರ್ಷ ತುಂಬುವಷ್ಟರಲ್ಲಿ ಜನರ ಪಕ್ಕ ಕೂತು ಕೇಳುವುದನ್ನು ಕಲಿತಿದ್ದ. ಅದು ನಾನು ಕಲಿಸಿದ್ದಲ್ಲ.

ಇನ್ನೊಂದು ನಿಯಮವಿತ್ತು. ಅವರು ಒಬ್ಬೊಬ್ಬರೇ ಇರುವಂತಿಲ್ಲ, ಯಾವಾಗಲೂ ಜೋಡಿ. ಜೊತೆಯ ಹಿರಿಯ ಹಲ್ಲುನೋವೆಂದು ಬೆಂಗಳೂರಿಗೆ ಹೋದವನು ಅಲ್ಲೇ ಉಳಿದುಬಿಟ್ಟಿದ್ದರಿಂದ ನಿಯಮವನ್ನು ಸ್ವಲ್ಪ ಬಗ್ಗಿಸಿ ನನ್ನನ್ನೇ ಜೋಡಿ ಮಾಡಿಕೊಂಡಿದ್ದ. ಹಾಗಾಗಿ ಅಂದು ಎತ್ತಿನ ಗಾಡಿ ಹಿಡಿದು, ನನ್ನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಹೊನ್ನಾಳಿಗೆ ತಂದ. ಬೀಗ ಹಾಕಿದ ನನ್ನ ಕೋಣೆಗಲ್ಲ, ಅವನ ಮನೆಗೆ.

ಡಿಸ್ಪೆನ್ಸರಿಯ ಡಾಕ್ಟರು ಬಂದು ನೋಡಿದರು. ಹೊಟ್ಟೆ ಒತ್ತಿದರು. ನಾಲಿಗೆ ನೋಡಿದರು. ನಾಲ್ಕು ದಿನ ಟೆಂಪರೇಚರ್ ಬರೆಸಿದರು.

ಟೈಫಾಯ್ಡ್.

"ಈ ಜ್ವರಕ್ಕೆ ಔಷಧಿ ಅಂತ ಏನೂ ಇಲ್ರೀ ಮೇಷ್ಟ್ರೇ" ಎಂದರು. "ಮಿಕ್ಸ್ಚರ್ ಕೊಡ್ತೀನಿ, ಅದು ನಿಮ್ಮ ಸಮಾಧಾನಕ್ಕೆ. ಮೂರು ವಾರ ಜೀವ ಹಿಡ್ಕಂಡಿರಬೇಕು. ಎರಡೆರಡು ಗಂಟೆಗೆ ಗಂಜಿತಿಳಿ, ಬಾರ್ಲಿ ನೀರು ಹೋಗ್ತಾ ಇರಬೇಕು. ಹೊಟ್ಟೆಗೆ ಬೀಳಲಿಲ್ಲ ಅಂದ್ರೆ ಹಾರ್ಟ್ ತಡೆಯಾಕಿಲ್ಲ."

ನನ್ನ ಹೆಂಡತಿ ಗೌರಮ್ಮ ಜಗಳೂರಿನ ತವರಿನಲ್ಲಿದ್ದಳು. ಚೊಚ್ಚಲು, ಒಂಬತ್ತು ತಿಂಗಳು ತುಂಬಿತ್ತು. ಅವಳಿಗೆ ತಿಳಿಸಬಾರದು ಎಂದು ಲಾರ್ಸನ್‌ನಿಂದ ಮಾತು ತೆಗೆದುಕೊಂಡೆ. ತಂದೆ ತಾಯಿ ನನಗಿಲ್ಲ. ನಮ್ಮ ಜಾತಿಯವರು ಬೀದಿ ತುಂಬ ಇದ್ದರು, ಆದರೆ ಪಾದ್ರಿಗಳ ಮನೆ ಸೇರಿದ ಮೇಷ್ಟ್ರು ಎಂದು ಆಡಿಕೊಂಡವರೂ ಅವರೇ. ಅವರನ್ನು ಕರೆಯಲು ಮನಸ್ಸು ಬರಲಿಲ್ಲ. ಹುಟ್ಟುವ ಮಗುವಿನ ಮುಖ ನೋಡುವವರೆಗಾದರೂ ಇರಬೇಕು ಎಂಬುದೊಂದೇ ಆಸೆ. ಹಗಲೆಲ್ಲಾ ಸೂರು ನೋಡುತ್ತಾ ಅದನ್ನೇ ಅಂದುಕೊಳ್ಳುತ್ತಿದ್ದೆ.

ಗಂಜಿ ಬೇಯಿಸುವವನು ಲಾರ್ಸನ್. ಮೊದಲ ದಿನ ತಳ ಹಿಡಿಸಿದ. ಎರಡನೆಯ ದಿನ ಅನ್ನ ಮಾಡಿ ತಂದ. ಪಕ್ಕದ ಮನೆಯಲ್ಲಿ ಗಾದಿ ಹೊಲಿಯುವ ಖಾತೂನ್‌ಬಿ ಬಾಗಿಲಲ್ಲಿ ನಿಂತು ನೀರೆಷ್ಟು, ಅಕ್ಕಿಯೆಷ್ಟು ಎಂದು ಹೇಳಿಕೊಟ್ಟ ಮೇಲೆ ಅದು ಗಂಜಿಯಾಯಿತು.

ಹನ್ನೊಂದನೆಯ ದಿನ ನನ್ನ ಕೈ ನಡುಗಲು ಶುರುವಾಯಿತು.

ನಾವು ಲಿಂಗವಂತರು. ಕೊರಳ ಕರಡಿಗೆಯಲ್ಲಿರುವ ಇಷ್ಟಲಿಂಗವನ್ನು ದಿನಾ ಎಡ ಅಂಗೈ ಮೇಲಿಟ್ಟು ಪೂಜಿಸಿದ ಮೇಲೆಯೇ ಬಾಯಿಗೆ ನೀರು. ಜ್ವರದಲ್ಲೂ ಹತ್ತು ದಿನ ಗೋಡೆಗೆ ಒರಗಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು ಹೇಗೋ ನಡೆಸಿದ್ದೆ. ಆ ಬೆಳಿಗ್ಗೆ ಅಂಗೈ ನಿಲ್ಲಲೇ ಇಲ್ಲ. ಲಿಂಗ ಜರುಗಿ ಬೆರಳಂಚಿಗೆ ಬಂತು. ಬಲಗೈಯಿಂದ ಗಬಕ್ಕನೆ ಹಿಡಿದು ಕರಡಿಗೆಗೆ ಹಾಕಿಬಿಟ್ಟೆ. ಮೈಯೆಲ್ಲ ಬೆವರು. ಲಿಂಗ ನೆಲಕ್ಕೆ ಬಿದ್ದರೆ ಜೀವ ಇಟ್ಟುಕೊಳ್ಳಬಾರದು ಎನ್ನುವ ಮನೆಯಲ್ಲಿ ಬೆಳೆದವನು ನಾನು. ಬೀಳಿಸುವುದಕ್ಕಿಂತ ಪೂಜೆ ಬಿಡುವುದು ಮೇಲು ಎನಿಸಿತು. ಪೂಜೆ ಇಲ್ಲವೆಂದ ಮೇಲೆ ಗಂಜಿಯೂ ಇಲ್ಲ.

ಲಾರ್ಸನ್ ಗಂಜಿ ತಂದ. ಬೇಡವೆಂದೆ. ಬಾರ್ಲಿ ನೀರು ತಂದ. ಬೇಡವೆಂದೆ.

"ತಾವು ಉಪವಾಸ ಮಾಡುತ್ತಿರುವಿರಾ?" ಎಂದು ಕೇಳಿದ.

"ಹೂಂ" ಎಂದೆ.

ನಿಜ ಹೇಳುವುದು ಹೇಗೆ? ಕೈಯಿಂದ ಮಾಡಿದ್ದನ್ನು ಪೂಜಿಸಬಾರದು ಎಂದು ಅವರು ಅಚ್ಚು ಹಾಕಿಸಿದ ಪುಸ್ತಿಕೆಯ ಕನ್ನಡವನ್ನು ತಿದ್ದಿಕೊಟ್ಟವನೇ ನಾನು. ಒಂದು ಕಾಗುಣಿತದ ತಪ್ಪೂ ಇಲ್ಲ ಎಂದು ಬೀಗಿದ್ದೆ ಬೇರೆ. ಈಗ ಅದೇ ಹುಡುಗನಿಗೆ, ನನ್ನ ಲಿಂಗ ಬೀಳದಂತೆ ಕೈ ಹಿಡಿಯಪ್ಪಾ ಎನ್ನಲೇ?

ನನ್ನ 'ಹೂಂ' ಕೇಳಿ ಅವನ ಮುಖ ಅರಳಿತು. ಅವರಲ್ಲಿ ತಿಂಗಳ ಮೊದಲ ಭಾನುವಾರ ಉಪವಾಸ. ಕಾಯಿಲೆಯವರಿಗಾಗಿಯೂ ಉಪವಾಸವಿದ್ದು ಪ್ರಾರ್ಥಿಸುತ್ತಾರೆ. ಗುರುಗಳು ಉಪವಾಸವಿದ್ದಾರೆ, ಶಿಷ್ಯ ಉಣ್ಣುವುದೇ? ಅವನೂ ಒಲೆ ಆರಿಸಿ, ನೀರೂ ಮುಟ್ಟದೆ ನನ್ನ ಮಂಚದ ಪಕ್ಕ ಮೊಣಕಾಲೂರಿದ. ನಾನು ಅವನು ತಾನಾಗಿ ತಿಳಿದುಕೊಳ್ಳಲಿ ಎಂದು ಕಾದೆ. ಅವನು ನಾನು ಗುಣವಾಗಲಿ ಎಂದು ಕಾದ. ಎರಡು ದಿನ ಇಬ್ಬರೂ ಹೀಗೆ ಬಹಳ ಮರ್ಯಾದೆಯಿಂದ ಸಾಯುತ್ತಾ ಬಿದ್ದಿದ್ದೆವು. ಔಷಧಿಗೆ ದೋಷವಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಮಿಕ್ಸ್ಚರ್ ಮಾತ್ರ ಕುಡಿದೆ.

ಹದಿಮೂರನೆಯ ದಿನ ಬೆಳಿಗ್ಗೆ ಡಾಕ್ಟರು ನನ್ನ ಕೈ ಹಿಡಿದು ಗಡಿಯಾರ ನೋಡಿದರು. ಮತ್ತೊಮ್ಮೆ ನೋಡಿದರು.

"ಪಲ್ಸ್ ಸಿಗ್ತಾ ಇಲ್ಲ. ಹೊಟ್ಟೆಗೆ ಏನು ಕೊಡ್ತಿದೀರಿ?"

"ಗುರುಗಳು ಉಪವಾಸದಲ್ಲಿದ್ದಾರೆ. ನಾನೂ ಕೂಡ" ಎಂದ ಲಾರ್ಸನ್.

ಡಾಕ್ಟರು ಅವನನ್ನೂ ನನ್ನನ್ನೂ ನೋಡಿದರು. "ಇವತ್ತೊಂದು ದಿನ ಹಿಂಗೇ ಬಿಟ್ರೆ ನಾಳೆ ನಾನು ಬರೋ ಕೆಲಸ ಇರಲ್ಲ" ಎಂದು ಚೀಲ ಮುಚ್ಚಿ ಹೊರಟರು.

ಈ ಮಾತು ಬಾಗಿಲಲ್ಲಿದ್ದ ಖಾತೂನ್‌ಬಿಯ ಕಿವಿಗೆ ಬಿತ್ತು. ಅವಳು ತಣ್ಣಗಿದ್ದ ಒಲೆ ನೋಡಿದಳು. ನನ್ನ ಬರೀ ಹಣೆ ನೋಡಿದಳು. ವಿಭೂತಿ ಇರಲಿಲ್ಲ.

"ಮೇಷ್ಟ್ರೇ, ಪೂಜೆ ಆಗಿಲ್ಲೇನ್ರೀ?"

ನಾನು ಕಣ್ಣು ಮುಚ್ಚಿಕೊಂಡೆ.

"ಇದು ಉಪಾಸ ಅಲ್ಲಪ್ಪಾ" ಎಂದಳು ಲಾರ್ಸನ್‌ಗೆ. "ಲಿಂಗಪೂಜೆ ಆಗದಲೆ ಅವರು ಉಣ್ಣಾಕಿಲ್ಲ. ಕೈ ನಡುಗ್ತೈತೆ, ಲಿಂಗ ಬಿದ್ದೀತು ಅಂತ ಹೆದರ್ಯಾರೆ. ಬಾಯಿಬಿಟ್ಟು ಹೇಳಾಕೆ ಇವರಿಗೆ ನಾಚಿಕೆ. ಕೇಳಾಕೆ ನಿನಗೆ ಬುದ್ಧಿ ಇಲ್ಲ. ಇಬ್ರೂ ಚೆಂದ ಇದೀರಿ."

ಲಾರ್ಸನ್ ಎದ್ದು ಹಿತ್ತಲಿಗೆ ಹೋದ. ಕಿಟಕಿಯಲ್ಲಿ ಅವನ ಬೆನ್ನು ಕಾಣುತ್ತಿತ್ತು. ತಲೆ ತಗ್ಗಿಸಿ ಬಹಳ ಹೊತ್ತು ನಿಂತಿದ್ದ. ಸಾವಿರಾರು ಮೈಲಿ ದಾಟಿ ಯಾವುದನ್ನು ಬಿಡಿ ಎಂದು ಹೇಳಲು ಬಂದಿದ್ದನೋ, ಅದಕ್ಕೇ ಕೈ ಕೊಡಬೇಕಾಗಿತ್ತು. ಅವನು ಬರದೇ ಹೋದರೆ ತಪ್ಪು ತಿಳಿಯಬಾರದು ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡೆ.

ಬಂದ. ಕೈ ತೊಳೆದುಕೊಂಡಿದ್ದ.

"ನನಗೆ ವಿಧಾನವನ್ನು ತಿಳಿಸಿರಿ" ಎಂದ, ನಾನೇ ಕಲಿಸಿದ ಪುಸ್ತಕದ ಕನ್ನಡದಲ್ಲಿ.

ಖಾತೂನ್‌ಬಿ ಅಷ್ಟರಲ್ಲಿ ಎಲ್ಲಿಂದಲೋ ನಾಲ್ಕು ಎಸಳು ಪತ್ರೆ ತಂದು ಹೊಸ್ತಿಲ ಮೇಲಿಟ್ಟು ಹೋಗಿದ್ದಳು. ಲಾರ್ಸನ್ ನನ್ನನ್ನು ಎತ್ತಿ ದಿಂಬಿಗೆ ಒರಗಿಸಿದ. ನಾನು ಅಂಗೈ ಚಾಚಿದೆ. ಅವನು ಕೆಳಗಿನಿಂದ ನನ್ನ ಮಣಿಕಟ್ಟು ಹಿಡಿದ. ಲಿಂಗಕ್ಕೆ ಅವನ ಕೈ ತಾಕಲಿಲ್ಲ. ನಡುವೆ ನನ್ನ ಅಂಗೈ ಇತ್ತು. ತನ್ನೂರಿನಲ್ಲಿ ಹಸುವಿನ ಹಾಲು ಕರೆದು ಬೆಳೆದವನ ಕೈ, ಗಟ್ಟಿಯಾಗಿತ್ತು. ನಡುಕ ನಿಂತಿತು.

ನೀರೆರೆದೆ. ವಿಭೂತಿ ಹಚ್ಚಿದೆ. ಪತ್ರೆ ಏರಿಸಿದೆ. ಅಳು ಬಂತು, ತಡೆಯಲು ಹೋಗಲಿಲ್ಲ.

ಆಮೇಲೆ ಇಬ್ಬರೂ ಗಂಜಿ ಕುಡಿದೆವು. ಅವನು ಮೂರು ಲೋಟ ಕುಡಿದ.

ಮುಂದಿನ ಹನ್ನೆರಡು ದಿನವೂ ಹೀಗೆಯೇ. ಒಂದು ಬೆಳಿಗ್ಗೆ ಕೇಳಿದ, "ಅದನ್ನು ಅಷ್ಟು ಹೊತ್ತು ನೋಡುತ್ತೀರಲ್ಲ, ನಾನು ಕೈ ಹಿಡಿದ ಮೊದಲ ದಿನ ತಮಗೆ ಏನು ಕಂಡಿತು?"

ದೊಡ್ಡ ಮಾತು ಹೇಳಬಹುದಿತ್ತು. "ಬೀಳಬಾರದು ಅನ್ನೋದು ಬಿಟ್ಟು ಬೇರೇನೂ ಕಾಣಲಿಲ್ರೀ" ಎಂದೆ.

"ನಾನೂ ಅದನ್ನೇ ನೋಡುತ್ತಿದ್ದೆನು" ಎಂದ.

ಇಪ್ಪತ್ತೈದನೆಯ ದಿನ ಟೆಂಪರೇಚರ್ ನಾರ್ಮಲ್. ಅದೇ ವಾರ ಜಗಳೂರಿನಿಂದ ಕಾಗದ: ಹೆಣ್ಣು ಮಗು, ಬಾಣಂತಿ ಸುಖವಾಗಿದ್ದಾಳೆ, ನೀವೇಕೆ ಬರೆಯುತ್ತಿಲ್ಲ. ಇನ್ನೊಂದು ಕಾಗದ ಲಾರ್ಸನ್‌ಗೆ. ಯುರೋಪಿನಲ್ಲಿ ಯುದ್ಧ ಶುರುವಾಗಿದೆ, ಊರಿಗೆ ಹೊರಡು ಎಂದು. ಓದಿ ಮಡಚಿಟ್ಟ. ಮೊದಲು ಗುರುಗಳನ್ನು ಜಗಳೂರಿಗೆ ಮುಟ್ಟಿಸಿ ಆಮೇಲೆ ಹಡಗು ಎಂದ. ಒಬ್ಬೊಬ್ಬರೇ ಹೋಗುವಂತಿಲ್ಲವಲ್ಲ.

ನನ್ನ ತಲೆಗೂದಲು ಉದುರಿದೆ. ಬೀದಿಯ ಕೊನೆಗೆ ಹೋಗಿ ಬಂದರೆ ಕೂರಬೇಕು. ಮತ್ತೆ ಮರುಕಳಿಸಬಹುದು, ಎಚ್ಚರ ಎಂದು ಡಾಕ್ಟರು ಹೇಳಿದ್ದಾರೆ. ಇರಲಿ. ಇದ್ದೇನೆ.

ಇವತ್ತು ಬೆಳಿಗ್ಗೆ, ಜಗಳೂರಿಗೆಂದು ದಾವಣಗೆರೆ ಬಸ್ಸು ಹಿಡಿಯುವ ಮೊದಲು, ಬಾವಿಯ ಹತ್ತಿರ ನಿಂತು ಸ್ನಾನ ಮಾಡಿದೆ. ಕಾಯಿಲೆ ಬಿದ್ದ ಮೇಲೆ ಇದೇ ಮೊದಲು. ಮಣೆಯ ಮೇಲೆ ಕೂತು ಅಂಗೈ ಚಾಚಿದೆ. ಕೈ ನಡುಗಲಿಲ್ಲ. ಟ್ರಂಕು ಕಟ್ಟುತ್ತಿದ್ದ ಲಾರ್ಸನ್ ಅದನ್ನು ಬಿಟ್ಟು ಬಂದು, ರೂಢಿಯಂತೆ ಪಕ್ಕ ಕೂತು ಮಣಿಕಟ್ಟಿನ ಕೆಳಗೆ ಕೈಯಿಟ್ಟ.

ಬೇಕಾಗಿರಲಿಲ್ಲ. ಬೇಡ ಎನ್ನಲಿಲ್ಲ.